ಬೆಕ್ಕಿನ ಮರಿಗೊಂದು ಮನೆ ಹುಡುಕುವಾಗ

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಕಟ್ಟಡದ ಮೀಟರ್ ಪೆಟ್ಟಿಗೆಯ ಹಿಂದಿನಿಂದಲೋ, ನಿಲ್ಲಿಸಿದ ಕಾರಿನ ಬಾನೆಟ್ಟಿನ ಒಳಗಿನಿಂದಲೋ ಸಣ್ಣದೊಂದು ದನಿ ಕೇಳತೊಡಗುತ್ತದೆ. ನಾವು ಬೆಕ್ಕು ಎನ್ನಲಿ, ತುಳುವಿನವರು ಪುಚ್ಚೆ ಎನ್ನಲಿ, ನೆರೆಯ ಮರಾಠಿಯವರು ಮಾಂಜರ್ ಎನ್ನಲಿ, ಹಸಿದ ಮರಿಯ ಕೂಗು ಮಾತ್ರ ಒಂದೇ. ಕಟ್ಟಡದಲ್ಲಿ ಆ ಕೂಗು ಕೇಳಿ ಸುಮ್ಮನೆ ಕೂರಲಾಗದವರು ಒಬ್ಬರಾದರೂ ಇರುತ್ತಾರೆ. ಕೊಡೆ ಹಿಡಿದು ಕೆಳಗಿಳಿದು ಹೋಗುತ್ತಾರೆ. ಇಂದಿನ ನನ್ನ ಮಾತು ಅಂಥವರ ಜೊತೆ. ಅಂಥವರ ಕೈಯಿಂದ ಮರಿ ಪಡೆಯುವವರ ಜೊತೆಗೂ ಹೌದು.

ಮೊದಲು ಒಂದು ಮಾತು. ಮರಿ ಕಂಡ ಕೂಡಲೇ ಎತ್ತಿಕೊಳ್ಳಬೇಡಿ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಏಳರ ಲೆಕ್ಕ ಹೇಗೋ ಏನೋ, ಜಾಗ ಬದಲಾಯಿಸುವುದಂತೂ ನಿಜ. ಒಂದನ್ನು ಕಚ್ಚಿಕೊಂಡು ಹೋದ ತಾಯಿ ಇನ್ನೊಂದಕ್ಕಾಗಿ ವಾಪಸು ಬರುವ ಹೊತ್ತಿಗೆ ನೀವು ಆ ಮರಿಯನ್ನು ಉಳಿಸಿಬಿಟ್ಟಿರುತ್ತೀರಿ! ಮರಿಗಳ ಹೊಟ್ಟೆ ದುಂಡಗಿದ್ದು, ಮೈ ಶುಚಿಯಾಗಿದ್ದು, ಸದ್ದಿಲ್ಲದೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದು ಅರ್ಥ. ದೂರ ನಿಂತು ಕೆಲವು ಗಂಟೆ ನೋಡಿ. ಮಳೆಯಲ್ಲಿ ನೆನೆದು, ತಣ್ಣಗಾಗಿ, ಬಿಡದೆ ಕೂಗುತ್ತಿದ್ದರೆ ಮಾತ್ರ ಕಾಯಬೇಡಿ.

ಮನೆಗೆ ತಂದ ಮೇಲೆ ಮೊದಲು ಬಿಸುಪು, ಆಮೇಲೆ ಆಹಾರ. ತಣ್ಣಗಿರುವ ಮರಿಗೆ ಹಾಲುಣಿಸಿದರೆ ಅರಗುವುದಿಲ್ಲ. ಹಸುವಿನ ಹಾಲಂತೂ ಬೇಡ, ಭೇದಿಯಾಗುತ್ತದೆ. ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತಿತ್ತಂತೆ. ಪಶುವೈದ್ಯರ ಲೆಕ್ಕದಲ್ಲಿ ಅದು ಓಡಿದ್ದೇ ಸರಿ. ಮರಿಗಳಿಗೆಂದೇ ತಯಾರಿಸಿದ ಹಾಲಿನಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮರಿಯನ್ನು ಬೋರಲಾಗಿ ಮಲಗಿಸಿಯೇ ಕುಡಿಸಬೇಕು, ಅಂಗಾತ ಹಾಕಿದರೆ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಉಳಿದದ್ದನ್ನು ವೈದ್ಯರು ಹೇಳುತ್ತಾರೆ. ಕನಿಷ್ಠ ಎಂಟು ವಾರವಾಗುವವರೆಗೆ ಮರಿಯನ್ನು ಯಾರಿಗೂ ಕೊಡುವ ಅವಸರ ಬೇಡ. ಅಷ್ಟರಲ್ಲಿ ಜಂತುಹುಳುವಿನ ಔಷಧಿ, ಮೊದಲ ಲಸಿಕೆ ಎರಡೂ ಆಗಿರುತ್ತವೆ.

ಇನ್ನು ಮನೆ ಹುಡುಕುವ ವಿಷಯ. ಊರಿನಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಬೆಕ್ಕಿನ ಸಂಸಾರ ದೊಡ್ಡದಾದರೆ ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಟ್ಟು ಬರುವುದು. ನಗರದಲ್ಲಿ ಗೋಣಿಚೀಲದ ಬದಲು ರಟ್ಟಿನ ಪೆಟ್ಟಿಗೆ, ಹೊಳೆಯ ಬದಲು ಮೀನುಪೇಟೆ. ‘ಅಲ್ಲಿ ಬೇಕಾದಷ್ಟು ತಿನ್ನಲು ಸಿಗುತ್ತದೆ ಬಿಡಿ’ ಎಂದು ಸಮಾಧಾನ ಬೇರೆ. ಆದರೆ ಪ್ರತಿ ಮೀನುಪೇಟೆಯಲ್ಲೂ ಆಗಲೇ ನೆಲೆಯೂರಿದ ಬೆಕ್ಕುಗಳಿರುತ್ತವೆ. ಹೊಸದನ್ನು ಅವು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಬೆಳೆದ ಬೆಕ್ಕಿಗೆ ನಾಯಿಯಿಂದ ತಪ್ಪಿಸಿಕೊಳ್ಳುವುದೂ ತಿಳಿಯದು, ರಸ್ತೆ ದಾಟುವುದೂ ತಿಳಿಯದು. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸಾ ತಡೆ ಕಾಯಿದೆಯಡಿ ಅಪರಾಧ. ಕಾಯಿದೆಗೆ ಅರವತ್ತು ವರ್ಷ ದಾಟಿದರೂ ರಟ್ಟಿನ ಪೆಟ್ಟಿಗೆಗಳು ನಿಂತಿಲ್ಲ.

ಹಾಗಾದರೆ ಕೇಳಿದವರಿಗೆ ಕೊಟ್ಟುಬಿಡೋಣವೇ? ಕಷ್ಟ ಇರುವುದು ಅಲ್ಲೇ ನೋಡಿ. ಎರಡು ತಿಂಗಳ ಮರಿಯ ಫೋಟೋ ಕಳಿಸಿದರೆ ‘ನಮಗೆ ಬೇಕು, ನಮಗೆ ಬೇಕು’ ಎನ್ನುವವರು ಒಂದೇ ಸಂಜೆ ಹತ್ತು ಮಂದಿ ಸಿಗುತ್ತಾರೆ. ಹತ್ತು ತಿಂಗಳ ನಂತರವೂ ಅದೇ ಉತ್ಸಾಹ ಇರುವವರು ಅವರಲ್ಲಿ ಎಷ್ಟು ಜನ? ಮನೆಯಲ್ಲಿ ಬೆಳೆಸಿದ ಬೆಕ್ಕು ಹನ್ನೆರಡು, ಹದಿನೈದು ವರ್ಷ ಬದುಕಬಹುದು. ಇಂದು ಮರಿ ಕೇಳುತ್ತಿರುವ ಐದನೇ ಕ್ಲಾಸಿನ ಹುಡುಗಿ ಮದುವೆಯಾಗಿ ಹೋಗುವವರೆಗೂ ಅದು ಇರುತ್ತದೆ. ಆದ್ದರಿಂದ ಮರಿ ಕೊಡುವವರು ಸ್ವಲ್ಪ ನಿಷ್ಠುರವಾಗಲೇಬೇಕು. ಹೆಣ್ಣು ಕೊಡುವಾಗ ನಮ್ಮವರು ಎಷ್ಟೆಲ್ಲ ವಿಚಾರಿಸುತ್ತಾರೆ! ಅದರಲ್ಲಿ ಕಾಲುಭಾಗ ಕೇಳಿದರೆ ಸಾಕು.

ಮೊದಲ ಪ್ರಶ್ನೆ: ‘ನೀವು ಎಷ್ಟನೇ ಮಹಡಿಯಲ್ಲಿದ್ದೀರಿ? ಕಿಟಕಿಗೆ ಜಾಳಿಗೆ ಇದೆಯೇ?’ ಬೆಕ್ಕು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಹೀಗೆ ಕಟ್ಟಡಗಳಿಂದ ಬಿದ್ದು ಬಂದ 132 ಬೆಕ್ಕುಗಳ ವಿವರವನ್ನು ಅಲ್ಲಿನ ಇಬ್ಬರು ಪಶುವೈದ್ಯರು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು. ಈ ಒಂದು ಸಾಲನ್ನೇ ಎಲ್ಲರೂ ಹಿಡಿದುಕೊಂಡರು. ಅವುಗಳಲ್ಲಿ ಅನೇಕಕ್ಕೆ ಎದೆಗೆ ಪೆಟ್ಟು, ದವಡೆ ಒಡೆತ, ಕಾಲು ಮುರಿತ ಆಗಿತ್ತೆಂಬುದನ್ನು ಬಿಟ್ಟರು. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲ ಎಂಬುದನ್ನೂ ಬಿಟ್ಟರು. ಪಾರಿವಾಳ ಬಾರದಿರಲೆಂದು ಹಾಕಿಸುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿದೀತು. ಗಟ್ಟಿಯಾದ ಲೋಹದ ಜಾಳಿಗೆ ಬೇಕು. ‘ಮುಂದೆ ಹಾಕಿಸುತ್ತೇವೆ’ ಎಂದರೆ, ‘ಹಾಕಿಸಿ ಫೋನ್ ಮಾಡಿ, ಮರಿ ಅಲ್ಲಿಯವರೆಗೆ ನನ್ನ ಬಳಿಯೇ ಇರಲಿ’ ಎನ್ನಿ.

ಎರಡನೆಯದು ಸ್ವಲ್ಪ ಮುಜುಗರದ ಪ್ರಶ್ನೆ, ನಮ್ಮ ಕನ್ನಡ ಮನೆಗಳಲ್ಲಿ ಕೇಳಲೇಬೇಕಾದದ್ದು. ‘ನೀವು ಸಸ್ಯಾಹಾರಿಗಳೇ? ಬೆಕ್ಕಿಗೆ ಏನು ಹಾಕುತ್ತೀರಿ?’ ‘ನಮ್ಮ ಅಜ್ಜಿಯ ಮನೆಯ ಬೆಕ್ಕು ಮೊಸರನ್ನ ತಿಂದೇ ಬೆಳೆದಿತ್ತು’ ಎಂದು ಉತ್ತರ ಬರುತ್ತದೆ. ಬೆಳೆದಿತ್ತು, ನಿಜ. ಮೊಸರನ್ನದ ಮೇಲೆ ಅಟ್ಟದ ಇಲಿ, ಕೊಟ್ಟಿಗೆಯ ಹಲ್ಲಿ, ಹಿತ್ತಿಲ ಓತಿಕ್ಯಾತ ಎಲ್ಲವನ್ನೂ ಅದು ತಿನ್ನುತ್ತಿದ್ದುದನ್ನು ಅಜ್ಜಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಂಟನೇ ಮಹಡಿಯ ಫ್ಲಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು. ಅದಿರುವುದು ಮಾಂಸ, ಮೀನಿನಲ್ಲಿ. ಸಿಗದಿದ್ದರೆ ಕಾಲಕ್ರಮೇಣ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಅಡುಗೆಮನೆಗೆ ಮೀನು ತರಲಾಗದವರು ಬೆಕ್ಕಿಗೆಂದೇ ತಯಾರಿಸಿದ ಪೊಟ್ಟಣದ ಆಹಾರ ಹಾಕಬಹುದು. ಎಷ್ಟೋ ಸಸ್ಯಾಹಾರಿ ಮನೆಗಳು ಬಾಲ್ಕನಿಯಲ್ಲಿ ಒಂದು ತಟ್ಟೆ ಇಟ್ಟು ಹೀಗೆ ನಡೆಸಿಕೊಂಡು ಹೋಗುತ್ತಿವೆ. ಅದೂ ಆಗದು ಎಂದರೆ ಅವರ ಆಚಾರವನ್ನು ಗೌರವಿಸಿ, ಮರಿಯನ್ನು ಬೇರೆ ಮನೆಗೆ ಕೊಡಿ. ಮೊಲವನ್ನು ಸಾಕಿಕೊಳ್ಳಲಿ.

ಮೂರನೆಯದನ್ನು ನವದಂಪತಿಗಳ ಹತ್ತಿರ ಮೆಲ್ಲಗೆ ಕೇಳಬೇಕು. ಮನೆಯಲ್ಲಿ ಸೊಸೆ ಗರ್ಭಿಣಿಯಾದಳೆಂದರೆ ಬೆಕ್ಕು ಬೀದಿಗೆ ಬೀಳುವುದು ಬಹಳ. ಟೊಕ್ಸೊಪ್ಲಾಸ್ಮಾ ಎಂಬ ಸೋಂಕಿನ ಭಯ. ಭಯ ಸುಳ್ಳಲ್ಲ, ಆದರೆ ಅದಕ್ಕೆ ಬೆಕ್ಕನ್ನು ಓಡಿಸಬೇಕಿಲ್ಲ. ಸೋಂಕು ತಗಲಿದ ಬೆಕ್ಕಿನ ಮಲದಲ್ಲಿರುವ ರೋಗಾಣು ಇನ್ನೊಬ್ಬರಿಗೆ ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಮಲದ ತಟ್ಟೆಯನ್ನು ದಿನವೂ ಸ್ವಚ್ಛ ಮಾಡಿದರೆ, ಆ ಕೆಲಸವನ್ನು ಗರ್ಭಿಣಿ ಬಿಟ್ಟು ಬೇರೆಯವರು ಮಾಡಿದರೆ ಅಪಾಯ ಬಹಳ ಕಡಿಮೆ. ಅರೆಬೆಂದ ಮಾಂಸ, ತೊಳೆಯದ ತರಕಾರಿಯಿಂದಲೂ ಇದೇ ಸೋಂಕು ಬರುತ್ತದೆ. ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳಲೂಬಹುದು. ಇನ್ನು, ಒಂಬತ್ತು ತಿಂಗಳು ಮಲದ ತಟ್ಟೆ ಎತ್ತಲು ಗಂಡ ತಯಾರಿದ್ದಾನೆಯೇ ಎಂಬುದರಿಂದ ಬೇರೆ ಕೆಲವು ವಿಷಯಗಳೂ ತಿಳಿದುಬರುತ್ತವೆ ಬಿಡಿ!

ವರ್ಗಾವಣೆಯ ಪ್ರಶ್ನೆ ನಮ್ಮವರಿಗೆ ಬಹಳ ಹತ್ತಿರದ್ದು. ಬ್ಯಾಂಕಿನವರು, ಕೇಂದ್ರ ಸರಕಾರದ ನೌಕರರು, ಸಾಫ್ಟ್‌ವೇರಿನ ಹುಡುಗರು. ಮೂರು ವರ್ಷಕ್ಕೊಮ್ಮೆ ಪುಣೆಯಿಂದ ದೆಹಲಿಗೆ, ದೆಹಲಿಯಿಂದ ಚೆನ್ನೈಗೆ. ಲಾರಿಗೆ ಫ್ರಿಜ್ಜು, ಮಂಚ, ತುಳಸಿಕಟ್ಟೆ ಕೂಡ ಏರುತ್ತವೆ. ಬೆಕ್ಕು ಮಾತ್ರ ಮೆಟ್ಟಿಲ ಮೇಲೆ ಉಳಿಯುತ್ತದೆ. ಮುಚ್ಚಿದ ಬಾಗಿಲ ಮುಂದೆ ಅದು ವಾರಗಟ್ಟಲೆ ಕೂತಿರುವುದನ್ನು ವಾಚ್‌ಮನ್‌ಗಳು ಹೇಳುತ್ತಾರೆ. ‘ವರ್ಗವಾದರೆ ಬೆಕ್ಕನ್ನು ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಿ. ‘ಆಗ ನೋಡೋಣ’ ಎನ್ನುವ ಮನೆಗೆ ಕೊಡಬೇಡಿ. ‘ಜೊತೆಗೇ ಕರೆದೊಯ್ಯುತ್ತೇವೆ, ಆಗದಿದ್ದರೆ ನಿಮಗೇ ವಾಪಸು ತಂದುಕೊಡುತ್ತೇವೆ’ ಎನ್ನುವವರಿಗೆ ಕೊಡಿ. ಆ ಮಾತನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆಯವರಾದರೆ ಮಾಲೀಕರು ಒಪ್ಪಿದ್ದಾರೆಯೇ ಎಂದೂ ವಿಚಾರಿಸಿ. ಹೌಸಿಂಗ್ ಸೊಸೈಟಿಯವರು ಹೆದರಿಸಿದರೆ, ಸಾಕುಪ್ರಾಣಿಗಳನ್ನು ನಿಷೇಧಿಸುವ ನಿಯಮವನ್ನು ಬಹುಮತದಿಂದಲೂ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿರುವುದನ್ನು ಅವರಿಗೆ ತೋರಿಸಬಹುದು.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಬೇಡ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಮರಿಗಳಿಗೆ ಹಾಲುಣಿಸುತ್ತಿರುವಾಗಲೇ ಮತ್ತೆ ಬಸಿರಾಗುವುದೂ ಉಂಟು. ‘ಪಾಪ, ಒಂದು ಸಲ ತಾಯಿಯಾಗಲಿ’ ಎನ್ನುವ ಕರುಣೆಯಿಂದಲೇ ಮುಂದಿನ ಮಳೆಗಾಲದ ಮೀಟರ್ ಪೆಟ್ಟಿಗೆಗಳು ತುಂಬುವುದು. ಗಂಡುಬೆಕ್ಕಿಗೂ ಮಾಡಿಸಬೇಕು. ಇಲ್ಲದಿದ್ದರೆ ಮನೆಯ ಮೂಲೆಮೂಲೆಗೂ ಸಿಂಪಡಿಸುವ ವಾಸನೆಗೆ ಅದನ್ನು ಹೊರಹಾಕುವ ದಿನ ದೂರವಿಲ್ಲ.

ಈಗ ಮರಿ ಪಡೆಯುವವರಿಗೆ ಒಂದೆರಡು ಮಾತು. ದಿನವಿಡೀ ಮನೆ ಖಾಲಿಯಿದ್ದರೆ ಒಂದಲ್ಲ, ಒಡಹುಟ್ಟಿದ ಎರಡನ್ನು ತನ್ನಿ. ಅವು ನಿಮ್ಮ ಸೋಫಾಕ್ಕಿಂತ ಹೆಚ್ಚಾಗಿ ಒಂದನ್ನೊಂದು ಪರಚುತ್ತವೆ. ವಯಸ್ಸಾದವರಿರುವ ಮನೆಗೆ ಮರಿಗಿಂತ ಮೂರು ನಾಲ್ಕು ವರ್ಷದ ಬೆಕ್ಕೇ ವಾಸಿ. ಅದರ ಸ್ವಭಾವ ಏನೆಂದು ಆಗಲೇ ಗೊತ್ತಿರುತ್ತದೆ, ಪರದೆ ಹತ್ತುವ ವಯಸ್ಸೂ ದಾಟಿರುತ್ತದೆ. ಕಪ್ಪು ಬೆಕ್ಕುಗಳು ಅಪಶಕುನದ ಹೆಸರಿನಲ್ಲಿ ಕೊನೆಯವರೆಗೂ ಉಳಿದುಬಿಡುತ್ತವೆ. ಮನೆಯೊಳಗೇ ಇರುವ ಬೆಕ್ಕು ನಿಮಗೆ ದಿನಕ್ಕೆ ನಲವತ್ತು ಸಲ ಅಡ್ಡ ಬರುತ್ತದೆ, ಯಾವ ಶಕುನವೆಂದು ನೋಡುತ್ತ ಕೂರುತ್ತೀರಿ?

ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಅದನ್ನು ಒಂದೇ ಕೋಣೆಯಲ್ಲಿಡಿ. ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿ, ನೆಂಟರನ್ನು ಕರೆದು ತೋರಿಸಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ನೆಲ ಒರೆಸುವ ಕಪ್ಪು ಫಿನಾಯಿಲ್ ಕೂಡ ಅದಕ್ಕೆ ಆಗದು, ಪಾದ ನೆಕ್ಕಿಕೊಳ್ಳುತ್ತದಲ್ಲ.

ನೀವೊಬ್ಬರೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಮುಂಬಯಿಯವರಿಗೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಹತ್ತೊಂಬತ್ತನೇ ಶತಮಾನದ್ದು. ಪುಣೆಯಲ್ಲಿ ರೆಸ್‌ಕ್ಯೂ, ಚೆನ್ನೈ ಮತ್ತು ಹೈದರಾಬಾದಿನಲ್ಲಿ ಬ್ಲೂ ಕ್ರಾಸ್, ದೆಹಲಿಯ ಡಿಫೆನ್ಸ್ ಕಾಲನಿಯಲ್ಲಿ ಫ್ರೆಂಡಿಕೋಸ್. ಚಿಕಿತ್ಸೆ, ಸಲಹೆ ಎರಡಕ್ಕೂ ಇಂಥಲ್ಲಿ ಕೇಳಬಹುದು. ಆದರೆ ಮರಿಯನ್ನು ಅವರ ಬಾಗಿಲಲ್ಲಿ ಇಟ್ಟು ಓಡಿಬರಬೇಡಿ. ಎಲ್ಲ ಕಡೆಯೂ ಜಾಗಕ್ಕೆ ಇಕ್ಕಟ್ಟು, ಬೇರೆ ರೋಗಪೀಡಿತ ಪ್ರಾಣಿಗಳ ನಡುವೆ ಲಸಿಕೆಯಾಗದ ಮರಿ ಉಳಿಯುವುದು ಕಷ್ಟ. ಮನೆ ಸಿಗುವವರೆಗೆ ನಿಮ್ಮ ಸ್ನಾನದ ಕೋಣೆಯ ಒಂದು ಮೂಲೆಯೇ ಅದಕ್ಕೆ ಮೇಲು.

ಕೊಟ್ಟ ಮೇಲೆ ಮೂರನೇ ದಿನ ಒಂದು ಫೋನ್, ಮೂರನೇ ವಾರ ಒಂದು, ಮೂರನೇ ತಿಂಗಳು ಇನ್ನೊಂದು. ಮೂರನೇ ತಿಂಗಳ ಫೋನಿನಲ್ಲಿ ಆಪರೇಷನ್ನಿನ ತಾರೀಕು ಗೊತ್ತು ಮಾಡಿಕೊಳ್ಳಿ. ಬೇಸರ ಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಮರಿ ಚೆನ್ನಾಗಿರುವ ಮನೆಯವರು ಬೇಸರಪಡುವುದಿಲ್ಲ, ಕೇಳದೆಯೇ ಇಪ್ಪತ್ತು ಫೋಟೋ ಕಳಿಸುತ್ತಾರೆ.