ಸೃಷ್ಟಿಸಿದವನ ಹೊಣೆ

ಭಯ, ರಹಸ್ಯ ಮತ್ತು ಅಪರಾಧಪ್ರಜ್ಞೆಗಳನ್ನು ಒಟ್ಟಿಗೆ ಹೆಣೆಯುವ ಗಾಥಿಕ್ ಕಥನ ಪರಂಪರೆಯಲ್ಲಿ, 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾದ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ ವಿಶೇಷ ಸ್ಥಾನವಿದೆ. ಈ ಕಥೆಯ ಹಿಂದೆ ಆ ಕಾಲದ ವಿಜ್ಞಾನವೂ ಇತ್ತು: ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಅದುರುವುದನ್ನು ಇಟಲಿಯ ಗಾಲ್ವಾನಿ ಅದಾಗಲೇ ತೋರಿಸಿದ್ದರು. ಅವರ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಅಪರಾಧಿಯೊಬ್ಬನ ಶವದ ಮೇಲೆ ಅಂಥದೇ ಪ್ರಯೋಗ ನಡೆಸಿದಾಗ, ಆ ಶವದ ದವಡೆ ನಡುಗಿ ಒಂದು ಕಣ್ಣು ತೆರೆದುಕೊಂಡಿತ್ತು.

ಕಾದಂಬರಿಯ ನಾಯಕ ವಿಕ್ಟರ್, ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ನಿರ್ಜೀವ ಅಂಗಗಳನ್ನು ಕೂಡಿಸಿ ಜೀವ ತುಂಬುತ್ತಾನೆ. ನವೆಂಬರಿನ ಮಳೆಯ ರಾತ್ರಿ, ಮೇಣದಬತ್ತಿ ಇನ್ನೇನು ಆರಲಿರುವಾಗ ಆ ಜೀವಿ ತನ್ನ ಹಳದಿ ಕಣ್ಣು ತೆರೆದೊಡನೆ ವಿಕ್ಟರ್ ಹೇಸಿ ಓಡಿಹೋಗುತ್ತಾನೆ. ಅರಿವಿನ ಹಂಬಲಕ್ಕೆ ಸಂದ ಶಿಕ್ಷೆಯ ಕಥೆಯೆಂದು ಈ ಕೃತಿಯನ್ನು ಓದುವುದು ರೂಢಿಯಾದರೂ, ನೈತಿಕ ಎಲ್ಲೆ ಮುರಿಯುವುದು ಆ ಪಲಾಯನದ ಕ್ಷಣದಲ್ಲಿ ಎಂದು ತಿಳಿಯುವುದೇ ಹೆಚ್ಚು ಸರಿ. ಏಕೆಂದರೆ ಒಂದು ಹೆಸರನ್ನೂ ಪಡೆಯದ ಆ ಜೀವಿ ಹುಟ್ಟಾ ಕ್ರೂರಿಯಲ್ಲ. ಗೋಡೆಯ ಬಿರುಕಿನಿಂದ ಬಡ ಕುಟುಂಬವೊಂದನ್ನು ನೋಡುತ್ತ ಮಾತು ಕಲಿತು, ರಾತ್ರಿ ಹೊತ್ತು ಅವರಿಗಾಗಿ ಸೌದೆ ತಂದು ಒಟ್ಟಿ, ಕೊನೆಗೆ ಅವರಿಂದಲೇ ಏಟು ತಿಂದ ಬಳಿಕ ಅದರ ಮನಸ್ಸು ಹಗೆಯತ್ತ ತಿರುಗುತ್ತದೆ. ತನಗೊಬ್ಬ ಜೊತೆಗಾತಿ ಬೇಕೆಂದು ಅದು ಬೇಡಿದಾಗ ಒಪ್ಪಿದ ವಿಕ್ಟರ್, ಮುಂದಿನ ಪೀಳಿಗೆಗಳ ಗತಿಯನ್ನು ಆಮೇಲೆ ನೆನೆದು, ಓರ್ಕ್ನಿ ದ್ವೀಪದಲ್ಲಿ ಅರೆಸಿದ್ಧ ದೇಹವನ್ನು ಹರಿದುಹಾಕುತ್ತಾನೆ.