ನೂರು ಫ್ರಾಂಕಿನ ನೋಟು
(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಇವತ್ತು ನಿಮಗೆ ಒಬ್ಬ ದ್ರಾಕ್ಷಿ ಬೆಳೆಗಾರನ ಕಥೆ ಹೇಳ್ತೀನಿ. ವೈನಿನ ಮಾತು ಅಂತ ಮೂಗು ಮುರೀಬೇಡಿ. ನಾನೂ ಕುಡಿಯುವವನಲ್ಲ. ದಕ್ಷಿಣ ಫ್ರಾನ್ಸಿನ ರೈತನಿಗೆ ವೈನು ಅಂದರೆ ಕಬ್ಬಿನವನಿಗೆ ಬೆಲ್ಲ ಇದ್ದ ಹಾಗೆ. ತಾನೇ ಬೆಳೆದು, ತಾನೇ ಹಿಂಡಿ, ಹುದುಗಿಸಿ, ಪೀಪಾಯಿಗೆ ತುಂಬಿ ಮಾರ್ತಾನೆ.

ಅವನ ಹೆಸರು ಮಾರ್ಸೆಲಿನ್ ಆಲ್ಬೇರ್. ಹುಟ್ಟಿದ್ದು 1851ರಲ್ಲಿ, ಆರ್ಜೆಲಿಯೆ ಎಂಬ ಹಳ್ಳಿಯಲ್ಲಿ. ಒಂದಿಷ್ಟು ದ್ರಾಕ್ಷಿ ತೋಟ, ಜೊತೆಗೊಂದು ಕಾಫಿ ಅಂಗಡಿ. ಊರಿನವರು ಅವನಿಗಿಟ್ಟ ಅಡ್ಡಹೆಸರು 'ಜೀರುಂಡೆ'.

ಅವನ ಪ್ರಾಯದಲ್ಲೇ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಹೇನು ಬಳ್ಳಿಯ ಬೇರಿಗೆ ಬಿತ್ತು. ತೋಟಕ್ಕೆ ತೋಟವೇ ಒಣಗಿತು. ಕೊನೆಗೆ ಅಮೆರಿಕದ ಬೇರಿನ ಮೇಲೆಯೇ ತಮ್ಮ ಬಳ್ಳಿ ಕಸಿ ಕಟ್ಟಿ ಹೊಸದಾಗಿ ನೆಟ್ಟರು. (ನಮ್ಮ ವಿಜಯಪುರದ ಕಡೆ ಡಾಗ್ ರಿಡ್ಜ್ ಬೇರಿಗೆ ಕಸಿ ಮಾಡ್ತಾರಲ್ಲ, ಅದೂ ಅಮೆರಿಕದ್ದೇ. ನಮ್ಮಲ್ಲಿ ಕಾರಣ ಮಾತ್ರ ಬೇರೆ: ಸವಳು ಮತ್ತು ನೀರಿನ ಬರ.) ಹೊಸ ತೋಟ ಎಬ್ಬಿಸೋಕೆ ದುಡ್ಡು ಬೇಕು. ಸಾಲ ಮಾಡಿದರು.

ಬಳ್ಳಿ ಚೆನ್ನಾಗಿಯೇ ಹಿಡಿಯಿತು, ಫಸಲು ಸುರಿಯಿತು, ಬೆಲೆ ಬಿತ್ತು. ಬೆಳೆ ಹೆಚ್ಚಾದದ್ದು ನಿಜ, ಅದನ್ನು ಮುಚ್ಚಿಡಬಾರದು. ಅಲ್ಜೀರಿಯಾದಿಂದಲೂ ವೈನು ಬರ್ತಿತ್ತು. ಆದರೆ ರೈತನ ಹೊಟ್ಟೆ ಉರಿದದ್ದು ಸಕ್ಕರೆಗೆ. ರಸ ಹಿಂಡಿ ಉಳಿದ ಸಿಪ್ಪೆಗೆ ನೀರು, ಸಕ್ಕರೆ ಸುರಿದು ಮತ್ತೆ ಹುದುಗಿಸಿದರೆ ಇನ್ನೊಂದು ಪೀಪಾಯಿ 'ವೈನು' ತಯಾರು! ಇಂಥದ್ದರಲ್ಲಿ ಸರಕಾರ 1903ರಲ್ಲಿ ಸಕ್ಕರೆಯ ತೆರಿಗೆಯನ್ನೇ ಇಳಿಸಿತು. ಸಕ್ಕರೆ ಯಾರದು? ಉತ್ತರದ ಬೀಟ್ ಕಾರ್ಖಾನೆಗಳದು. ಬೀಟ್ ಬೆಳೆಯುವವನೂ ರೈತನೇ ಅಲ್ಲವೇ? ಒಬ್ಬ ರೈತನ ಬೆಳೆಯನ್ನು ಇನ್ನೊಬ್ಬನ ಕುತ್ತಿಗೆಗೆ ಕಟ್ಟೋದು ಸರಕಾರಗಳ ಹಳೇ ವಿದ್ಯೆ.

ಕಲಬೆರಕೆ ನಿಲ್ಲಿಸಿ ಅಂತ ಆಲ್ಬೇರ್ ವರ್ಷಗಟ್ಟಲೆ ಕೂಗಿದ. ಹುಚ್ಚ ಅಂದರು. 1907ರ ಮಾರ್ಚ್ 11ರಂದು ನಾರ್ಬೋನ್ ಪಟ್ಟಣಕ್ಕೆ ವಿಚಾರಣಾ ಸಮಿತಿ ಬಂದಾಗ ಅವನ ಹಿಂದೆ ಹೋದವರು ಒಟ್ಟು 87 ಜನ. ಆಮೇಲೆ ಪ್ರತಿ ಭಾನುವಾರ ಒಂದೊಂದು ಊರಿನಲ್ಲಿ ಸಭೆ. ಮುನ್ನೂರು, ಸಾವಿರ, ಹತ್ತು ಸಾವಿರ... ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಸೇರಿದವರು ಐದು ಲಕ್ಷಕ್ಕೂ ಮೇಲೆ! ತೆರಿಗೆ ಕಟ್ಟೋದಿಲ್ಲ ಅಂದರು. ನೂರಾರು ಊರುಗಳ ಮೇಯರುಗಳು ರಾಜೀನಾಮೆ ಬಿಸಾಕಿದರು.

ಪ್ರಧಾನಿ ಕ್ಲೆಮಾನ್ಸೋ ಸೈನ್ಯ ಕಳಿಸಿದ. ನಾರ್ಬೋನಿನಲ್ಲಿ ಗುಂಡು ಹಾರಿ ಜನ ಸತ್ತರು. 1980ರ ನರಗುಂದ, ನವಲಗುಂದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ 17ನೇ ಪದಾತಿ ದಳದ ಸೈನಿಕರು ಅದೇ ಸೀಮೆಯ ರೈತರ ಮಕ್ಕಳು. ಅವರು ದಂಗೆಯೆದ್ದು ಬೆಜಿಯೆ ಪಟ್ಟಣಕ್ಕೆ ನಡೆದು ಬಂದುಬಿಟ್ಟರು.

ಈಗ ನೋಡಿ ಎಡವಟ್ಟು. ಬಂಧನ ತಪ್ಪಿಸಿಕೊಂಡ ಆಲ್ಬೇರ್ ಯಾರಿಗೂ ಹೇಳದೆ ಪ್ಯಾರಿಸಿಗೆ ಹೋಗಿ ಜೂನ್ 23ರಂದು ಪ್ರಧಾನಿಯನ್ನು ಒಬ್ಬನೇ ಕಂಡ. ಊರಿಗೆ ಹೋಗಿ ಜನರನ್ನು ಸಮಾಧಾನ ಮಾಡ್ತೀನಿ ಅಂದ. ರೈಲಿನ ಖರ್ಚಿಗೆ ಅಂತ ಕ್ಲೆಮಾನ್ಸೋ ಕೊಟ್ಟ ನೂರು ಫ್ರಾಂಕಿನ ನೋಟನ್ನು ಜೇಬಿಗಿಟ್ಟುಕೊಂಡ. ಅವನು ರೈಲು ಇಳಿಯೋ ಮೊದಲೇ ಸುದ್ದಿ ಪತ್ರಿಕೆಗಳಿಗೆ ತಲುಪಿತ್ತು, ತಲುಪಿಸಿದವನು ಪ್ರಧಾನಿಯೇ. ನಿನ್ನೆ ದೇವರು ಅಂದವರು ಇವತ್ತು ಮಾರಿಕೊಂಡವನು ಅಂದರು.

ಅದು ಲಂಚ ಅಂತ ನಾನು ಒಪ್ಪೋದಿಲ್ಲ. ಮಾರಿಕೊಳ್ಳುವವನು ನೂರು ಫ್ರಾಂಕಿಗೆ ಮಾರಿಕೊಳ್ತಾನಾ? ಲಕ್ಷಾಂತರ ಜನರನ್ನು ಹೊರಗೆ ನಿಲ್ಲಿಸಿ, ನೀವೇ ಹೇಳಿ, ಅಂಥ ಕೋಣೆಯೊಳಗೆ ಒಬ್ಬನೇ ಹೋಗಬಹುದಾ? ನಮ್ಮಲ್ಲಿ ಎಷ್ಟು ಜನ ಹಾಗೆ ಹೋಗಿಲ್ಲ!

ಆರೇ ದಿನಕ್ಕೆ, ಜೂನ್ 29ಕ್ಕೆ ಕಾಯಿದೆ ಬಂತು. ಪ್ರತಿಯೊಬ್ಬ ಬೆಳೆಗಾರನೂ ಎಷ್ಟು ಇಳುವರಿ ಬಂತು ಅಂತ ಬರೆದುಕೊಡಬೇಕು, ವೈನಿಗೆ ಹಾಕುವ ಸಕ್ಕರೆಗೆ ಹೆಚ್ಚುವರಿ ತೆರಿಗೆ. ಅವನು ಕೇಳ್ತಾ ಇದ್ದದ್ದೂ ಹೆಚ್ಚುಕಮ್ಮಿ ಅದನ್ನೇ. ಸೆಪ್ಟೆಂಬರಿನಲ್ಲಿ ಬೆಳೆಗಾರರ ಮಹಾಸಂಘ ಕಟ್ಟಿದರು. ಕಾಯಿದೆಯನ್ನು ಸರಕಾರದ ಕೈಗೇ ಬಿಡದೆ, ಕಲಬೆರಕೆ ಹಿಡಿಯೋಕೆ ತಮ್ಮದೇ ಸಂಬಳದ ಜನರನ್ನು ಇಟ್ಟುಕೊಂಡರು.

ಆಲ್ಬೇರ್ ಜೈಲು ಕಂಡು, ಕೆಲಕಾಲ ಅಲ್ಜೀರಿಯಾಕ್ಕೂ ಹೋಗಿ, ಮತ್ತೆ ತನ್ನ ಬಳ್ಳಿಗಳ ಊರಿಗೇ ಬಂದ. ಬಡವನಾಗಿಯೇ ಇದ್ದು 1921ರಲ್ಲಿ ಆರ್ಜೆಲಿಯೆಯಲ್ಲೇ ತೀರಿಕೊಂಡ.