ಕಂಪನಿಯಲ್ಲಿ ಕೋಚ್‌ಗೆ ಏನು ಕೆಲಸ?

(ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಹಲವರ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರು ಊರಿಗೆ ಬಂದಾಗ ಫೋನಿನಲ್ಲಿ 'ಅಜೈಲ್', 'ಸ್ಕ್ರಮ್', 'ಕೋಚ್' ಅಂತೆಲ್ಲ ಮಾತಾಡುವುದನ್ನು ಕೇಳಿರುತ್ತೀರಿ. ಹೋದ ಸಭೆಯಲ್ಲಿ ಒಬ್ಬ ಸದಸ್ಯೆ, "ಸಿಸ್ಟರ್, ಕೋಚ್ ಅಂದ್ರೆ ಆಟ ಕಲಿಸೋರು ಅಲ್ವಾ? ಕಂಪನಿಯಲ್ಲಿ ಅವರಿಗೇನು ಕೆಲಸ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ನಮಗೂ ಒಂದು ಪಾಠ ಸಿಕ್ಕಿತು.

ಅಜೈಲ್ ಎಂದರೆ ಚುರುಕು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಈ ಕಾರ್ಯವಿಧಾನದ ಪ್ರಣಾಳಿಕೆ ಬರೆದರು. ಹಳೆಯ ಕ್ರಮದಲ್ಲಿ ಎಲ್ಲವನ್ನೂ ಮೊದಲೇ ಯೋಜಿಸಿ, ತಿಂಗಳುಗಟ್ಟಲೆ ದುಡಿದು, ಕೊನೆಗೆ ಗಿರಾಕಿಗೆ ತೋರಿಸುತ್ತಿದ್ದರು. 'ನಮಗೆ ಬೇಕಾದ್ದು ಇದಲ್ಲ' ಅಂದುಬಿಟ್ಟರೆ ದುಡಿಮೆಯೆಲ್ಲ ನೀರುಪಾಲು. ಇನ್ನೂರು ಬಟ್ಟೆ ಚೀಲ ಹೊಲಿದ ಮೇಲೆ 'ಹಿಡಿ ಗಿಡ್ಡವಾಯಿತು' ಎಂದು ಅಂಗಡಿಯವರು ವಾಪಸು ಕಳಿಸಿದ ಹಾಗೆ. ಮೊದಲು ಹತ್ತು ಹೊಲಿದು ತೋರಿಸಿ, ತಿದ್ದಿಕೊಂಡು ಮುಂದೆ ಹೋಗುವುದೇ ಅಜೈಲ್.

ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಕ್ರಮ್ ಪದ್ಧತಿ. ಒಂದು ತಿಂಗಳು ಅಥವಾ ಅದಕ್ಕೂ ಕಡಿಮೆ ಅವಧಿಗೆ ಕೆಲಸ ಹಂಚಿಕೊಳ್ಳುತ್ತಾರೆ. ದಿನಾ 15 ನಿಮಿಷ ತಂಡ ಸೇರುತ್ತದೆ. ಅವಧಿಯ ಕೊನೆಗೆ ಆದ ಕೆಲಸ ತೋರಿಸಿ, 'ನಾವು ಕೆಲಸ ಮಾಡಿದ ರೀತಿ ಹೇಗಿತ್ತು, ಮುಂದೆ ಏನು ಬದಲಿಸೋಣ' ಎಂದು ಕೂತು ಯೋಚಿಸುತ್ತಾರೆ.

ಈ ನಿಯಮಗಳನ್ನು ಒಂದೆರಡು ದಿನದ ತರಬೇತಿಯಲ್ಲಿ ಕಲಿಯಬಹುದು. ಆದರೆ ಹಳೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಆ 15 ನಿಮಿಷ ಮ್ಯಾನೇಜರಿಗೆ ವರದಿ ಒಪ್ಪಿಸುವ ಹೊತ್ತಾಗಿಬಿಡುತ್ತದೆ. ಒಬ್ಬೊಬ್ಬರೂ ಅವರ ಮುಖ ನೋಡಿಯೇ ಮಾತಾಡುತ್ತಾರೆ. ಕೆಲಸ ನಿಂತಿದ್ದರೂ 'ನಡೀತಾ ಇದೆ ಸಾರ್' ಅನ್ನುತ್ತಾರೆ.

ಇಲ್ಲಿ ಕೋಚ್ ಬೇಕಾಗುತ್ತಾರೆ. ಒಳ್ಳೆಯ ಕೋಚ್ ಮೊದಲು ಸುಮ್ಮನೆ ಕೂತು ಗಮನಿಸುತ್ತಾರೆ. ಆಮೇಲೆ ತಂಡವನ್ನು ಕೇಳುತ್ತಾರೆ: "ಯಾರ ಕೆಲಸ ಎಲ್ಲಿ ನಿಂತಿದೆ? ಯಾರು ಕೈಜೋಡಿಸಬಹುದು?" ಉತ್ತರ ಹೇಳಿಕೊಡುವುದಿಲ್ಲ. ನಿಧಾನವಾಗಿ ತಂಡದವರು ಪರಸ್ಪರ ಮಾತಾಡಲು ಶುರುಮಾಡುತ್ತಾರೆ.

ಮ್ಯಾನೇಜರಿಗೆ ಈ ಬದಲಾವಣೆ ಇನ್ನೂ ಕಷ್ಟ. ಕೆಲಸ ಹಂಚುವುದು, ತಪಾಸಣೆ ಮಾಡುವುದು ಅವರಿಗೆ ರೂಢಿ. 'ತಂಡವೇ ತೀರ್ಮಾನ ಮಾಡಿದರೆ ನನಗೇನು ಉಳಿಯಿತು?' ಎಂಬ ಭಯ ಅವರಿಗೂ ಇರುತ್ತದೆ. ಕೋಚ್ ಅವರನ್ನು ಎಲ್ಲರೆದುರು ತಿದ್ದದೆ, ಪ್ರತ್ಯೇಕವಾಗಿ ಕೂತು ಮಾತಾಡುತ್ತಾರೆ. ಯಾವ ಕೆಲಸ ಮುಖ್ಯವೆಂದು ಸ್ಪಷ್ಟಪಡಿಸುವುದು, ಬೇರೆ ವಿಭಾಗದಿಂದ ಬರಬೇಕಾದ ಒಪ್ಪಿಗೆ ತರಿಸುವುದು, ತೊಂದರೆ ಹೇಳಿದವರನ್ನು ಗದರದಿರುವುದು, ಇವೆಲ್ಲ ಅವರ ಹೊಸ ಜವಾಬ್ದಾರಿ. ಒಮ್ಮೆ ಗದರಿದರೆ ಮುಂದಿನ ಸಲ ತೊಂದರೆ ಮುಚ್ಚಿಡುತ್ತಾರೆ ನೋಡಿ. ಆಡಳಿತದವರಿಗೆ ಬರೀ ವೇಗವೇ ಬೇಕಾಗಿದ್ದರೆ ಕೋಚ್ ಬಂದರೂ ಪ್ರಯೋಜನವಿಲ್ಲ. ಹಳೆಯ ಒತ್ತಡಕ್ಕೆ ಹೊಸ ಹೆಸರು ಬರುತ್ತದೆ, ಅಷ್ಟೇ.

ಸಹೋದರಿಯರೇ, ಇದನ್ನು ಹೇಳುವಾಗ ನಮ್ಮದೇ ತಪ್ಪು ನೆನಪಾಗುತ್ತದೆ. ಆರಂಭದ ವರ್ಷಗಳಲ್ಲಿ ಒಂದು ಸಂಘದ ನಡಾವಳಿ, ಲೆಕ್ಕ ಎಲ್ಲವನ್ನೂ ನಮ್ಮ ಕಾರ್ಯಕರ್ತೆಯೇ ಬರೆಯುತ್ತಿದ್ದರು. ಪುಸ್ತಕ ಅಚ್ಚುಕಟ್ಟಾಗಿದೆಯೆಂದು ನಾವು ಖುಷಿಪಟ್ಟೆವು. ಅವರು ಬೇರೆ ಊರಿಗೆ ಹೋದ ಮೇಲೆ ಮೂರು ತಿಂಗಳು ಸಭೆಯೇ ನಡೆಯಲಿಲ್ಲ. ಯಾರ ಸಾಲ ಎಷ್ಟು ಬಾಕಿ ಎಂದು ಯಾರಿಗೂ ಗೊತ್ತಿರಲಿಲ್ಲ. ಸಹಾಯ ಮಾಡುತ್ತೇವೆಂದುಕೊಂಡು ನಾವು ಅವರ ಕೈಯಿಂದ ಕೆಲಸ ಕಿತ್ತುಕೊಂಡಿದ್ದೆವು. ಆ ಸಂಘವನ್ನು ಮತ್ತೆ ಕಟ್ಟಲು ಒಂದು ವರ್ಷ ಬೇಕಾಯಿತು.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಎರಡು ಕೆಲಸ ಮಾಡಿ ನೋಡೋಣ. ನಡಾವಳಿಯನ್ನು ಇದುವರೆಗೆ ಬರೆಯದ ಸದಸ್ಯೆಯೊಬ್ಬರು ಬರೆಯಲಿ, ಬರೆಯಲು ಬಾರದವರಾದರೆ ಹೇಳಿ ಬರೆಸಲಿ. ಕೊನೆಯ ಹತ್ತು ನಿಮಿಷ 'ನಮ್ಮ ಸಭೆ ಹೇಗೆ ನಡೆಯಿತು, ಯಾರು ಮಾತೇ ಆಡಲಿಲ್ಲ' ಎಂದು ಕೇಳಿಕೊಳ್ಳಿ. ನಮ್ಮ ಕಾರ್ಯಕರ್ತೆ ಪಕ್ಕದಲ್ಲೇ ಇರುತ್ತಾರೆ. ಪೆನ್ನು ಮಾತ್ರ ನಿಮ್ಮ ಕೈಯಲ್ಲಿರಲಿ.